ಹಳೇ ಮಿಲಿಟರಿ ಸ್ಟ್ಯಾಲಿಯನ್‌ನಲ್ಲಿ ಏರ್ ನಿಲ್ತಿಲ್ವಾ? ವಾಲ್ವ್ ಬಿಚ್ಚೋ ಮುಂಚೆ ಇದನ್ನ ಓದಿ

ಸೇನೆಯವರು ಹರಾಜು ಹಾಕಿದ ಲೇಲ್ಯಾಂಡ್ ಸ್ಟ್ಯಾಲಿಯನ್ ಲಾರಿ ತಂದೋರು ಮೊದಲು ಹೇಳೋ ಮಾತೇ ಗಾಡಿ ಜಾಸ್ತಿ ಓಡಿಲ್ಲ ಗುರು ಅಂತ. ಮೀಟರ್ ನೋಡಿದ್ರೆ ನಿಜಾನೇ ಇರುತ್ತೆ. ಆದ್ರೆ ಏರ್ ಬ್ರೇಕಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ವರ್ಷದ ಲೆಕ್ಕ. ಡಿಪೋ ಬಯಲಲ್ಲಿ ಬಿಸಿಲು ಮಳೆಗೆ ನಿಂತ ಗಾಡೀಲಿ ಡಯಾಫ್ರಾಮ್, ಓ-ರಿಂಗು, ವಾಲ್ವ್ ಸೀಟು ಎಲ್ಲಾ ಒಣಗಿ ಕಲ್ಲಾಗಿರುತ್ತೆ, ಟ್ಯಾಂಕ್ ಒಳಗೆ ನೀರು ನಿಂತು ತುಕ್ಕು ಹಿಡಿದಿರುತ್ತೆ, ಇಲಿ ನೈಲಾನ್ ಪೈಪ್ ಕಡಿದಿರುತ್ತೆ, ವಾಲ್ವಿನ ಎಕ್ಸಾಸ್ಟ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರೋದೂ ಉಂಟು. ಅದಕ್ಕೇ ಈ ಗಾಡಿಗಳಲ್ಲಿ ಏರ್ ಇಳಿಯೋ ಕಂಪ್ಲೇಂಟ್ ಇಷ್ಟೊಂದು.

ಸ್ಟ್ಯಾಲಿಯನ್ ಫುಲ್ ಏರ್ ಬ್ರೇಕ್ ಗಾಡಿ, ಬ್ರೇಕ್ ಹಿಡಿಯೋದು ಪೂರ್ತಿ ಗಾಳಿ ಒತ್ತಡದಲ್ಲೇ. ಬ್ರೇಕ್ ಆಯಿಲ್ ಹಾಕೋ ಹಳೇ ಗಾಡಿ ನಿಮ್ಮದಾದ್ರೆ ಇಲ್ಲಿರೋದ್ರಲ್ಲಿ ಕಂಪ್ರೆಸರ್, ಟ್ಯಾಂಕ್ ವಿಷಯ ಅಷ್ಟೇ ನಿಮಗೆ ಉಪಯೋಗ.

ಮೊದಲು ಸಮತಟ್ಟು ಜಾಗದಲ್ಲಿ ನಿಲ್ಸಿ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ದಪ್ಪ ಕಲ್ಲೋ ಮರದ ದಿಮ್ಮಿನೋ ಕೊಡಿ, ಯಾಕಂದ್ರೆ ಟೆಸ್ಟ್ ಮಾಡೋವಾಗ ಹ್ಯಾಂಡ್ ಬ್ರೇಕ್ ಬಿಡಲೇಬೇಕಾಗುತ್ತೆ. ಇನ್ನೊಂದು, ಹಿಂದಿನ ಚಕ್ರದ ಬೂಸ್ಟರ್ (ಗಾಳಿ ತುಂಬಿದಾಗ ರಾಡ್ ತಳ್ಳಿ ಬ್ರೇಕ್ ಹಿಡಿಸೋ ಡಬ್ಬಿ) ಒಳಗೆ ಹ್ಯಾಂಡ್ ಬ್ರೇಕಿನ ಭಾರೀ ಸ್ಪ್ರಿಂಗ್ ಒತ್ತಿ ಕೂತಿರುತ್ತೆ, ಅದರ ಹಿಂಬದಿ ಡಬ್ಬ ಯಾವ ಕಾರಣಕ್ಕೂ ಬಿಚ್ಚಬೇಡಿ. ಹಾರಿದ್ರೆ ಎದುರಿಗಿದ್ದೋನು ಉಳಿಯಲ್ಲ. ಹಾಳಾಗಿದ್ರೆ ಪೂರ್ತಿ ಬೂಸ್ಟರೇ ಬದಲಾಯಿಸಿ.

ಈಗ ಕಾಯಿಲೆ ಯಾವುದು ಅಂತ ಬೇರೆ ಮಾಡ್ಕೊಳ್ಳಿ. ಏರ್ ತುಂಬೋದೇ ಇಲ್ವಾ, ತುಂಬಿ ನಿಲ್ತಿಲ್ವಾ, ಇಲ್ಲಾ ಸುಮ್ನಿದ್ರೆ ನಿಲ್ಲುತ್ತೆ ಬ್ರೇಕ್ ತುಳಿದಾಗೆಲ್ಲಾ ದಬ್ ಅಂತ ಇಳಿಯುತ್ತಾ? ಮೂರೂ ಬೇರೆ ಬೇರೆ. ಮೂರನೇದು ಬಹಳ ಸಲ ಲೀಕೇ ಅಲ್ಲ, ಲೈನರ್ ಸವೆದು ಸ್ಲಾಕ್ ಅಡ್ಜಸ್ಟರ್ (ಆ ಸವೆತ ಸರಿದೂಗಿಸೋ ಲಿವರ್) ಟೈಟ್ ಮಾಡದೆ ಬಿಟ್ಟು ಬೂಸ್ಟರ್ ರಾಡ್ ಉದ್ದಕ್ಕೆ ಹೊರಗೆ ಬರ್ತಿರುತ್ತೆ, ಒಂದೊಂದು ತುಳಿತಕ್ಕೂ ಅಷ್ಟು ಜಾಸ್ತಿ ಗಾಳಿ ಬೇಕಾಗುತ್ತೆ. ನಾಲ್ಕೂ ಚಕ್ರದ ರಾಡ್ ಎಷ್ಟೆಷ್ಟು ಹೊರಗೆ ಬರುತ್ತೆ ನೋಡಿ ಅಡ್ಜಸ್ಟ್ ಮಾಡಿಸಿ, ಅರ್ಧ ಜನರ ಸಮಸ್ಯೆ ಅಲ್ಲೇ ಮುಗಿಯುತ್ತೆ.

ತುಂಬೋದೇ ಇಲ್ಲ ಅಂದ್ರೆ ಕಂಪ್ರೆಸರ್ ಕಡೆಯಿಂದ ಶುರು ಮಾಡಿ. ಗಾಳಿ ಒಳಗೆ ಹೋಗೋ ದಾರಿ ಫಿಲ್ಟರಲ್ಲಿ ಕಟ್ಟಿದೆಯಾ, ಹೊರಗೆ ಬರೋ ಡೆಲಿವರಿ ಪೈಪಲ್ಲಿ ಕಾರ್ಬನ್ ಕಟ್ಟಿದೆಯಾ ನೋಡಿ, ಹೆಡ್ ಹತ್ರದ ಮೊದಲ ಬೆಂಡಲ್ಲೇ ಜಾಸ್ತಿ ಕಟ್ಟೋದು. ಆ ಪೈಪು ಸುಡ್ತಿರುತ್ತೆ, ಇಂಜಿನ್ ಆರಿಸಿ ತಣ್ಣಗಾದ ಮೇಲೆ ಬಿಚ್ಚಿ. ಕಂಪ್ರೆಸರ್ ಗಾಳಿ ಎಳ್ಕೊಳ್ಳೋ ಬಾಯಿಂದ ಗಾಳಿ ವಾಪಸ್ ಬರ್ತಿದ್ರೆ ಹೆಡ್ಡಿನ ವಾಲ್ವ್ ಹೋಗಿದೆ. ಟ್ಯಾಂಕ್ ಡ್ರೈನ್ ಎಳೆದಾಗ ಕಪ್ಪು ಆಯಿಲ್ ಬಂದ್ರೆ ಕಂಪ್ರೆಸರ್ ರಿಂಗ್ ಸವೆದಿದೆ, ಆ ಆಯಿಲ್ಲೇ ಮುಂದೆ ಹೋಗಿ ಎಲ್ಲಾ ವಾಲ್ವಿನ ರಬ್ಬರ್ ತಿನ್ನುತ್ತೆ, ಹಾಗಾಗಿ ಕಂಪ್ರೆಸರ್ ರಿಪೇರಿ ಆಗದೆ ವಾಲ್ವುಗಳಿಗೆ ಹೊಸ ರಬ್ಬರ್ ಕಿಟ್ ಹಾಕಿಸೋದು ದಂಡ. ಇನ್ನು ಅನ್‌ಲೋಡರ್ (ಟ್ಯಾಂಕ್ ತುಂಬಿದ ಮೇಲೆ ಹೆಚ್ಚಿನ ಗಾಳಿ ಹೊರಗೆ ಬಿಡೋ ವಾಲ್ವ್) ಬಾಯಲ್ಲಿ ಇಂಜಿನ್ ಓಡ್ತಿದ್ದಷ್ಟು ಹೊತ್ತೂ ಸುಯ್ ಅಂತ ಗಾಳಿ ಹೋಗ್ತಾನೇ ಇದ್ದು ಮುಳ್ಳು ಮೇಲೆ ಏರ್ತಿಲ್ಲ ಅಂದ್ರೆ ಅದು ಕಸ ಸಿಕ್ಕೋ ತುಕ್ಕು ಹಿಡಿದೋ ತೆರೆದುಕೊಂಡೇ ನಿಂತಿದೆ.

ತುಂಬಿ ನಿಲ್ತಿಲ್ಲ ಅನ್ನೋದೇ ಜಾಸ್ತಿ ಜನರ ಗೋಳು, ಮೆಕ್ಯಾನಿಕ್ಕುಗಳು ದುಡ್ಡು ಕೀಳೋದೂ ಇಲ್ಲೇ, ಒಂದು ವಾಲ್ವ್ ಬದಲಾಯಿಸು ನೋಡೋಣ, ಇನ್ನೊಂದು ಬದಲಾಯಿಸು ನೋಡೋಣ ಅಂತ. ಹಾಗೆ ಬೇಡ. ಅನ್‌ಲೋಡರ್ ಪುಸ್ ಅನ್ನೋವರೆಗೂ ಇಂಜಿನ್ ಓಡಿಸಿ ಫುಲ್ ಏರ್ ಮಾಡಿ, ಸಾಮಾನ್ಯವಾಗಿ 7ರಿಂದ 8 ಬಾರ್ ಒಳಗೆ ಬರುತ್ತೆ. ಇಂಜಿನ್ ಆರಿಸಿ. ಫ್ಯಾನು, ರೇಡಿಯೋ ಎಲ್ಲಾ ಬಂದ್ ಮಾಡಿ ಕಿವಿ ಕೊಡಿ. ಇನ್ಮೇಲೆ ಒಂದೊಂದೇ ಸ್ಥಿತೀಲಿ ಗೇಜ್ ನೋಡ್ತಾ ಹೋಗೋದು.

ಹ್ಯಾಂಡ್ ಬ್ರೇಕ್ ಹಾಕೇ ಇರ್ಲಿ, ಕಾಲು ಪೆಡಲ್ ಮೇಲೆ ಬೇಡ. ಈಗಲೇ ಇಳೀತಿದ್ರೆ ಲೀಕ್ ಟ್ಯಾಂಕು, ಡ್ರೈನ್ ವಾಲ್ವು, ಪ್ರೊಟೆಕ್ಷನ್ ವಾಲ್ವು (ಒಂದು ಲೈನ್ ಲೀಕಾದ್ರೆ ಇನ್ನೊಂದರ ಗಾಳಿ ಉಳಿಸೋದು), ಅನ್‌ಲೋಡರ್ ಈ ಸುತ್ತಮುತ್ತ, ಇಲ್ಲಾ ಬ್ರೇಕ್ ಪೆಡಲ್ಲಿನ ಫುಟ್ ವಾಲ್ವಿನ ಒಳಗಿನ ಸೀಟು. ಇಂಜಿನ್ ನಿಂತ ಮೇಲೂ ಅನ್‌ಲೋಡರ್ ಬಾಯಲ್ಲಿ ಗಾಳಿ ಬರ್ತಿದ್ರೆ ಟ್ಯಾಂಕಿನ ಗಾಳಿ ವಾಪಸ್ ಬರದಂಗೆ ತಡೆಯೋ ವಾಲ್ವ್ ಹಿಡೀತಿಲ್ಲ ಅಂತ. ಮಿಲಿಟರಿ ಗಾಡಿ ಅಂದ್ಮೇಲೆ ಟ್ರೈಲರ್ ಎಳೆಯೋಕೆ ಅಂತ ಏರ್ ಕನೆಕ್ಷನ್ ಕೊಟ್ಟಿದ್ರೆ ಅದನ್ನ ಮರೀಬೇಡಿ, ಆ ಕಪ್ಲಿಂಗ್ ರಬ್ಬರ್, ಕಾಕು ಯಾರೂ ವರ್ಷಗಟ್ಟಲೆ ಮುಟ್ಟಿರಲ್ಲ. ಸಿವಿಲ್ ಲಾರಿ ಮಾಡೋ ಮೆಕ್ಯಾನಿಕ್ ಆ ಕಡೆ ತಿರುಗಿಯೂ ನೋಡಲ್ಲ.

ಇಲ್ಲಿ ಗೇಜ್ ಒಂದು ಆಟ ಆಡುತ್ತೆ. ಬ್ರೇಕಿಗೆ ಎರಡು ಗಾಳಿ ಲೈನ್, ಒಂದೊಂದಕ್ಕೂ ಒಂದೊಂದು ಮುಳ್ಳು. ಎಷ್ಟೋ ಸಲ ಎರಡೂ ಮುಳ್ಳು ಒಟ್ಟಿಗೇ ಇಳಿಯುತ್ತೆ, ಅಯ್ಯೋ ಎರಡೂ ಲೈನ್ ಹೋಯ್ತು ಅನ್ಕೋಬೇಡಿ, ಸುಮ್ನೆ ಕಾಯಿರಿ. ಒಂದು ಮಟ್ಟಕ್ಕೆ ಬಂದ ಮೇಲೆ ಪ್ರೊಟೆಕ್ಷನ್ ವಾಲ್ವ್ ಮುಚ್ಚಿಕೊಂಡು ಒಂದು ಮುಳ್ಳು ನಿಲ್ಲುತ್ತೆ, ಇನ್ನೊಂದು ಇಳೀತಾನೇ ಹೋಗುತ್ತೆ. ಆ ಇಳಿಯೋ ಲೈನಲ್ಲೇ ಲೀಕು.

ಮುಂದಿನದು ಪೆಡಲ್. ಪೆಡಲ್ಲಿಗೂ ಸೀಟಿಗೂ ಮಧ್ಯೆ ಒಂದು ಗಟ್ಟಿ ಕೋಲು ಕೊಟ್ಟು ಪೂರ್ತಿ ಒತ್ತಿ ಹಿಡಿಸಿ. ಮೊದಲೇಟಿಗೆ ಒಂಚೂರು ಇಳಿಯೋದು ಸಹಜ, ಆಮೇಲೆ ನಿಲ್ಲಬೇಕು. ಒತ್ತಿದಾಗ ಮಾತ್ರ ಇಳೀತಿದ್ರೆ ಯಾವುದೋ ಚಕ್ರದ ಬೂಸ್ಟರ್ ಡಯಾಫ್ರಾಮ್ ಹರಿದಿದೆ, ಇಲ್ಲಾ ಚಕ್ರಕ್ಕೆ ಹೋಗೋ ಹೋಸ್ ಬಿರುಕು ಬಿಟ್ಟಿದೆ. ಫುಟ್ ವಾಲ್ವಿನ ಕೆಳಗೆ ಕೈ ಇಟ್ಟು ನೋಡಿ, ಪೆಡಲ್ ಬಿಟ್ಟಾಗ ಅಲ್ಲಿ ಗಾಳಿ ಬಂದ್ರೆ ಒಳಬರೋ ಸೀಟು ಹೋಗಿದೆ, ಒತ್ತಿದಾಗ ಬಂದ್ರೆ ಎಕ್ಸಾಸ್ಟ್ ಸೀಟು. ಎರಡಕ್ಕೂ ರಬ್ಬರ್ ಕಿಟ್ ಸಾಕು, ವಾಲ್ವ್ ಪೂರ್ತಿ ಬೇಕು ಅಂದ್ರೆ ಬಾಡಿ ಒಳಗೆ ಗೀರು ಬಿದ್ದಿದೆಯಾ ತೋರಿಸು ಅಂತ ಕೇಳಿ.

ಈಗ ಪೆಡಲ್ ಬಿಟ್ಟು ಹ್ಯಾಂಡ್ ಬ್ರೇಕ್ ರಿಲೀಸ್ ಮಾಡಿ. ಕಲ್ಲು ಕೊಟ್ಟಿದೀರಿ ತಾನೇ? ರಿಲೀಸ್ ಮಾಡಿದ ತಕ್ಷಣ ಹಿಂದುಗಡೆ ರಿಲೇ ವಾಲ್ವ್ (ಹಿಂದಿನ ಬೂಸ್ಟರುಗಳಿಗೆ ಗಾಳಿ ಕೊಡೋ ವಾಲ್ವ್) ಬಾಯಲ್ಲಿ ಸುಯ್ ಅಂತ ಶುರುವಾಗುತ್ತೆ ಅನ್ಕೊಳ್ಳಿ. ನೂರಕ್ಕೆ ತೊಂಬತ್ತು ಜನ ರಿಲೇ ವಾಲ್ವ್ ಹೋಯ್ತು ಅಂತಾರೆ, ಹೊಸದು ಹಾಕ್ತಾರೆ, ಅದೂ ಸುಯ್ ಅನ್ನುತ್ತೆ, ಆಗ ಡುಪ್ಲಿಕೇಟ್ ಮಾಲು ಕೊಟ್ಟ ಅಂತ ಅಂಗಡಿಯವನಿಗೆ ಬೈಗುಳ. ನಿಜ ಏನಂದ್ರೆ ಬೂಸ್ಟರ್ ಒಳಗೆ ಎರಡು ಕೋಣೆ, ಒಂದು ಹ್ಯಾಂಡ್ ಬ್ರೇಕ್ ಬಿಟ್ಟಾಗ ಒಳಬಂದು ಸ್ಪ್ರಿಂಗ್ ಹಿಡಿದಿಡೋ ಗಾಳಿಗೆ, ಇನ್ನೊಂದು ಕಾಲು ಬ್ರೇಕಿನ ಗಾಳಿಗೆ, ಮಧ್ಯೆ ರಾಡಿಗೆ ಒಂದು ಸೀಲು. ಆ ಸೀಲ್ ಹೋದ್ರೆ ಹ್ಯಾಂಡ್ ಬ್ರೇಕಿನ ಗಾಳಿ ಕಾಲು ಬ್ರೇಕಿನ ಕೋಣೆಗೆ ನುಗ್ಗಿ, ಅದೇ ಪೈಪಲ್ಲಿ ವಾಪಸ್ ಬಂದು ರಿಲೇ ವಾಲ್ವ್ ಬಾಯಿಂದ ಹೊರಗೆ ಹೋಗುತ್ತೆ. ಪರೀಕ್ಷೆ ಸುಲಭ. ಹ್ಯಾಂಡ್ ಬ್ರೇಕ್ ವಾಪಸ್ ಹಾಕಿ, ಸದ್ದು ನಿಂತ್ರೆ ತಪ್ಪು ಬೂಸ್ಟರಿಂದು, ಹಾಕಿದ್ರೂ ನಿಲ್ಲದಿದ್ರೆ ಆಗ ರಿಲೇ ವಾಲ್ವ್ ಬಿಚ್ಚಿ. ಎಡದ್ದಾ ಬಲದ್ದಾ ಗೊತ್ತಾಗಬೇಕಾದ್ರೆ ಹ್ಯಾಂಡ್ ಬ್ರೇಕ್ ಹಾಕಿ ಗಾಳಿ ಹೊರಗೆ ಹೋದ ಮೇಲೆ ಒಂದು ಬೂಸ್ಟರಿನ ಕಾಲು ಬ್ರೇಕ್ ಪೈಪ್ ಬಿಚ್ಚಿ, ಮತ್ತೆ ರಿಲೀಸ್ ಮಾಡಿ, ಬೂಸ್ಟರ್ ಕಡೆ ಬಾಯಲ್ಲಿ ಗಾಳಿ ಬಂದ್ರೆ ಅದೇ ಕಳ್ಳ.

ಜಾಗ ಗೊತ್ತಾಯ್ತು, ನಿಖರವಾಗಿ ಎಲ್ಲಿ ಅಂತ ಬೇಕಾದ್ರೆ ಪಾತ್ರೆ ತೊಳೆಯೋ ಸೋಪಿನ ನೊರೆ ಬ್ರಷ್ಷಲ್ಲಿ ಹಚ್ಚಿ, ಗುಳ್ಳೆ ಏಳುತ್ತೆ. ನೈಲಾನ್ ಪೈಪ್ ಚಾಸಿಗೆ ಉಜ್ಜಿರೋ ಕಡೆ ವಿಶೇಷವಾಗಿ ನೋಡಿ. ತೂತಾಗಿದ್ರೆ ರಬ್ಬರ್ ಟ್ಯೂಬ್ ಸುತ್ತಿ ಕ್ಲಿಪ್ ಹಾಕೋದಲ್ಲ, ಬ್ಲೇಡಲ್ಲಿ ನೇರಕ್ಕೆ ಕೊಯ್ದು ಸರಿಯಾದ ಜಾಯಿಂಟ್ ಹೊಸ ಫೆರೂಲ್ ಸಮೇತ ಹಾಕಿ. ತುಕ್ಕು ಹಿಡಿದ ಟ್ಯಾಂಕಿಗೆ ಎಂ-ಸೀಲ್ ಮೆತ್ತೋದು, ವೆಲ್ಡಿಂಗ್ ಮಾಡಿಸೋದು ಬೇಡವೇ ಬೇಡ, ಟ್ಯಾಂಕ್ ಬದಲಾಯಿಸಿ. ಇನ್ನು ಲೀಕ್ ಆಗೋ ಚಕ್ರದ ಪೈಪಿಗೆ ಡಮ್ಮಿ ಹೊಡೆದು ಬಾಯಿ ಮುಚ್ಚಿ ಮೂರು ಚಕ್ರದ ಬ್ರೇಕಲ್ಲಿ ಲೋಡ್ ಸಮೇತ ಚಾರ್ಮಾಡಿ ಇಳಿಸೋ ಧೈರ್ಯವಂತರಿದಾರೆ, ಅವರ ಹಿಂದೆ ಮುಂದೆ ನಿಮ್ಮ ಗಾಡಿ ಇಲ್ದಂಗೆ ನೋಡ್ಕೊಳ್ಳಿ.

ಸ್ಪೇರ್‌ಗೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗೋದಾದ್ರೆ ಹಳೇ ವಾಲ್ವ್ ಕೈಲಿ ಹಿಡ್ಕೊಂಡೇ ಹೋಗಿ, ತಗಡಿನ ಪಟ್ಟಿ ಮೇಲಿನ ನಂಬರ್ ತಾಳೆ ನೋಡಿ. ನೋಡೋಕೆ ಒಂದೇ ಥರ ಇದ್ದು ಪ್ರೆಶರ್ ಸೆಟಿಂಗ್ ಬೇರೆ ಇರೋ ವಾಲ್ವುಗಳಿರುತ್ತೆ.

ಎಲ್ಲಾ ಆದ್ಮೇಲೆ ಎಷ್ಟು ಇಳಿದ್ರೆ ಸರಿ? ಅಮೆರಿಕದಲ್ಲಿ ಲಾರಿ ಡ್ರೈವರ್‌ಗಳಿಗೆ ಕಲಿಸೋ ಲೆಕ್ಕ ಒಂದಿದೆ, ಟ್ರೈಲರ್ ಇಲ್ಲದ ಗಾಡೀಲಿ ಇಂಜಿನ್ ಆರಿಸಿ ಬ್ರೇಕ್ ಬಿಟ್ಟಿದ್ರೆ ನಿಮಿಷಕ್ಕೆ 2 ಪಿಎಸ್ಐ, ಪೆಡಲ್ ಒತ್ತಿ ಹಿಡಿದಿದ್ರೆ 3 ಪಿಎಸ್ಐ ದಾಟಬಾರದು. ಬಾರ್ ಲೆಕ್ಕದಲ್ಲಿ ಸುಮಾರು 0.14 ಮತ್ತು 0.2. ನಮ್ಮ ಗೇಜಲ್ಲಿ ಅಷ್ಟು ಸಣ್ಣದು ಕಾಣಲ್ಲ, ಐದು ನಿಮಿಷ ಬಿಟ್ಟು ನೋಡಿ ಭಾಗಿಸಿ. ನನ್ನ ಕೇಳಿದ್ರೆ ಅದೂ ಜಾಸ್ತೀನೇ, ಸರಿ ಮಾಡಿದ ಗಾಡೀಲಿ ಐದು ನಿಮಿಷಕ್ಕೆ ಮುಳ್ಳು ಅಲ್ಲಾಡಿದ್ದೇ ಕಾಣಬಾರದು. ಆಮೇಲೆ ಖಾಲಿ ಗಾಡಿ, ಖಾಲಿ ರೋಡಲ್ಲಿ ನಿಧಾನಕ್ಕೆ ಓಡಿಸಿ ನಾಲ್ಕೂ ಚಕ್ರ ಸಮ ಹಿಡಿಯುತ್ತಾ ನೋಡಿ, ಸಂಜೆ ಟ್ಯಾಂಕಿನ ನೀರು ಬಿಟ್ಟು ಮತ್ತೆ ಫುಲ್ ಏರ್ ಮಾಡಿ ನಿಲ್ಸಿ. ಬೆಳಗ್ಗೆ ಕೀ ಹಾಕಿದ ತಕ್ಷಣ ಏರ್ ಕಮ್ಮಿ ಅಂತ ಬಜರ್ ಕಿರುಚಿದ್ರೆ ಇನ್ನೂ ಒಂದು ಲೀಕ್ ಉಳಿದಿದೆ, ಸೋಪಿನ ನೀರು ತಗೊಂಡು ಮೊದಲ ಸ್ಥಿತಿಯಿಂದ ಮತ್ತೆ ಶುರು ಮಾಡಿ.