ಹೋಸ್ಟಿಂಗ್ ಬದಲಿಸಿ, ಆದರೆ ಇಮೇಲ್ ನಿಲ್ಲದ ಹಾಗೆ

ಯಾಣದ ದಾರಿಯಲ್ಲಿ ಹೋಮ್‌ಸ್ಟೇ ನಡೆಸುವ ಒಬ್ಬರು ಹೋದ ದಸರಾ ರಜೆಯಲ್ಲಿ ಫೋನ್ ಮಾಡಿದ್ದರು. "ಮಾರಾಯಾ, ಹೊಸ ಸೈಟ್ ಚೆಂದ ಕಾಣ್ತದೆ. ಆದರೆ ಮೂರು ದಿನದಿಂದ ಬುಕಿಂಗಿನ ಮೇಲ್ ಒಂದೂ ಇಲ್ಲ." ನನ್ನ ಜಿಮೇಲ್‌ನಿಂದ ಅವರಿಗೊಂದು ಮೇಲ್ ಕಳಿಸಿದೆ. ನಿಮಿಷದೊಳಗೆ ವಾಪಸ್ ಬಂತು. 550 ಅನ್ನುವ ನಂಬರಿನ ಜೊತೆ, ಆ ಹೆಸರಿನ ಮೇಲ್‌ಬಾಕ್ಸೇ ಇಲ್ಲಿಲ್ಲ ಅಂತ ಬರೆದಿತ್ತು. ಸೈಟ್ ಮಾಡಿಕೊಟ್ಟವರು ಹೊಸ ಹೋಸ್ಟಿಂಗಿಗೆ ಹೋಗುವಾಗ ನೇಮ್‌ಸರ್ವರ್ ಬದಲಿಸಿದ್ದರು, ಬೇರೇನೂ ಮಾಡಿರಲಿಲ್ಲ. ಆ ಮೂರು ದಿನದ ಮೇಲ್ ಮತ್ತೆ ಸಿಗಲೇ ಇಲ್ಲ.

ಶಿರಸಿ ಕಡೆ ತೋಟದೊಳಗಿನ ಎಷ್ಟೋ ಮನೆಗಳಿಗೆ ಕೊರಿಯರ್‌ನವರು ಬರುವುದಿಲ್ಲ, ಕ್ರಾಸಿನ ಅಂಗಡಿಯಲ್ಲಿ ಪಾರ್ಸೆಲ್ ಇಟ್ಟು ಹೋಗುತ್ತಾರೆ. ನೆಂಟರು ಬರುವುದು ಮನೆಗೆ, ಪಾರ್ಸೆಲ್ ಇಳಿಯುವುದು ಅಂಗಡಿಯಲ್ಲಿ. ನಿಮ್ಮ ಸೈಟಿನ ಹೆಸರು, ಅಂದರೆ ಡೊಮೇನ್ ಕೂಡ ಹಾಗೇ. ಸೈಟ್ ನೋಡಲು ಬಂದವರಿಗೆ ದಾರಿ ತೋರಿಸುವುದು ಎ ರೆಕಾರ್ಡ್, ಮೇಲ್ ಎಲ್ಲಿ ಇಳಿಸಬೇಕು ಅಂತ ಹೇಳುವುದು ಎಂಎಕ್ಸ್ ರೆಕಾರ್ಡ್. ಎರಡೂ ಡಿಎನ್‌ಎಸ್ ಅನ್ನುವ ಒಂದೇ ವಹಿಯಲ್ಲಿರುತ್ತವೆ. ಆ ವಹಿ ಯಾರ ಕೈಯಲ್ಲಿದೆ ಅಂತ ಹೇಳುವುದು ನೇಮ್‌ಸರ್ವರ್. ಅದನ್ನು ಬದಲಿಸಿದರೆ ಇಡೀ ವಹಿಯೇ ಬದಲಾಗುತ್ತದೆ, ಹೊಸ ವಹಿಯಲ್ಲಿ ಎಂಎಕ್ಸ್ ಸಾಮಾನ್ಯವಾಗಿ ಹೊಸ ಹೋಸ್ಟ್ ಕಡೆಗೇ ತೋರಿಸುತ್ತಿರುತ್ತದೆ, ಅಲ್ಲಿ ನಿಮ್ಮ ಮೇಲ್‌ಬಾಕ್ಸ್ ಇರುವುದೇ ಇಲ್ಲ.

ಹಾಗಾಗಿ ಆದಷ್ಟು ನೇಮ್‌ಸರ್ವರ್ ಮುಟ್ಟಬೇಡಿ. ಈಗ ಇರುವ ಡಿಎನ್‌ಎಸ್‌ನಲ್ಲಿ ಎ ರೆಕಾರ್ಡಿನ ಐಪಿ, ಅಂದರೆ ಸರ್ವರಿನ ವಿಳಾಸದ ನಂಬರ್ ಮಾತ್ರ ಹೊಸ ಹೋಸ್ಟಿನದಕ್ಕೆ ಬದಲಿಸಿ. ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಬೇರೆ ಎ ರೆಕಾರ್ಡ್ ಇದ್ದರೆ ಅದನ್ನೂ. ಹೋಸ್ಟಿಂಗ್ ಕಂಪನಿಯವರು ನೇಮ್‌ಸರ್ವರ್ ಬದಲಿಸಿ ಅಂತಲೇ ಮೇಲ್ ಕಳಿಸುತ್ತಾರೆ, ಅವರಿಗೆ ಅದು ಸುಲಭ. ಸರ್ವರಿನ ಐಪಿ ಕೊಡಿ ಸಾಕು ಅಂತ ಕೇಳಿ, ಕೊಡುತ್ತಾರೆ.

ಅದಕ್ಕೂ ಮೊದಲು ನಿಮ್ಮ ಮೇಲ್ ಈಗ ಎಲ್ಲಿದೆ ಅಂತ ಗೊತ್ತಾಗಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎನ್‌ಎಸ್‌ಲುಕಪ್ ಅಂತ ಕೊಡಿ. ಮುಂದಿನ ಸಾಲಿಗೆ ಸೆಟ್ ಟೈಪ್=ಎಂಎಕ್ಸ್, ಅದರ ಮುಂದಿನ ಸಾಲಿಗೆ ನಿಮ್ಮ ಡೊಮೇನ್. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಉತ್ತರದಲ್ಲಿ ಗೂಗಲ್, ಔಟ್‌ಲುಕ್ ಅಥವಾ ಜೋಹೋ ಹೆಸರು ಕಂಡರೆ ನಿಮ್ಮ ಕೆಲಸ ಹಗುರ, ಮೇಲ್ ಬೇರೆ ಕಡೆ ಇದೆ, ಎ ರೆಕಾರ್ಡ್ ಬದಲಿಸಿದರೆ ಅದಕ್ಕೆ ಏನೂ ಆಗುವುದಿಲ್ಲ. ನಿಮ್ಮದೇ ಡೊಮೇನ್ ಹೆಸರು ಕಂಡರೆ ಮೇಲ್ ಹೆಚ್ಚಾಗಿ ಹಳೇ ಹೋಸ್ಟಿಂಗಿನಲ್ಲೇ ಇದೆ ಅಂತ ಅರ್ಥ. ಇಲ್ಲಿ ಸ್ವಲ್ಪ ನಿಧಾನಿಸಿ.

ಯಾಕೆ ಅಂದರೆ, ಎಂಎಕ್ಸ್ ನಿಮ್ಮ ಡೊಮೇನಿನ ಹೆಸರಿಗೇ ತೋರಿಸುತ್ತಿದ್ದರೆ, ಎ ರೆಕಾರ್ಡ್ ಬದಲಿಸಿದ ಕೂಡಲೇ ಎಂಎಕ್ಸ್ ಕೂಡ ಅದರ ಹಿಂದೆಯೇ ಹೊಸ ಸರ್ವರಿಗೆ ಹೋಗುತ್ತದೆ. ನೇಮ್‌ಸರ್ವರ್ ಮುಟ್ಟದಿದ್ದರೂ ಮೇಲ್ ನಿಲ್ಲುತ್ತದೆ. ಎಂಎಕ್ಸ್‌ನಲ್ಲಿ ನೇರವಾಗಿ ಐಪಿ ನಂಬರ್ ಹಾಕುವಂತಿಲ್ಲ, ಹೆಸರೇ ಬೇಕು. ಅದಕ್ಕೆ ಡೊಮೇನಿನ ಮುಂದೆ ಮೇಲ್ ಅಂತ ಸೇರಿಸಿ ಒಂದು ಎ ರೆಕಾರ್ಡ್ ಮಾಡಿ, ಹಳೇ ಸರ್ವರಿನ ಐಪಿ ಕೊಡಿ. ಎಷ್ಟೋ ಕಡೆ ಆ ಹೆಸರು ಸಿನೇಮ್ ರೆಕಾರ್ಡ್ (ಇನ್ನೊಂದು ಹೆಸರಿನ ಕಡೆ ತೋರಿಸುವ ಸಾಲು) ಆಗಿ ಮೊದಲೇ ಇರುತ್ತದೆ, ಅದನ್ನು ತೆಗೆದು ಎ ರೆಕಾರ್ಡ್ ಹಾಕಿ. ಆಮೇಲೆ ಎಂಎಕ್ಸ್ ಅನ್ನು ಆ ಹೆಸರಿಗೆ ತಿರುಗಿಸಿ. ಇದು ಸರಿಯಾಗಿ ನಡೆಯುತ್ತಿದೆ ಅಂತ ನೋಡಿಕೊಂಡ ಮೇಲೆ ಸೈಟಿನ ಎ ರೆಕಾರ್ಡ್ ಮುಟ್ಟಿ. ಫೋನಿನಲ್ಲಿ, ಆಫೀಸ್ ಕಂಪ್ಯೂಟರಿನಲ್ಲಿ ಮೇಲ್ ಸೆಟ್ಟಿಂಗ್ ತೆರೆದು ಸರ್ವರ್ ಹೆಸರೂ ನೋಡಿ. ಅಲ್ಲಿ ಬರೀ ಡೊಮೇನ್ ಇದ್ದರೆ ಅದನ್ನೂ ಈ ಹೊಸ ಹೆಸರಿಗೆ ಬದಲಿಸಬೇಕು.

ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್ ಅನ್ನುವ ಸೇವೆ ಬಳಸುವವರು, ಮೇಲ್ ಹೆಸರಿನ ಆ ಎ ರೆಕಾರ್ಡಿನ ಮುಂದಿನ ಮೋಡ ಕಿತ್ತಳೆ ಬಣ್ಣದಲ್ಲಿದ್ದರೆ ಒತ್ತಿ ಬೂದು ಮಾಡಿ. ಕಿತ್ತಳೆ ಇದ್ದರೆ ಮೇಲ್ ಒಳಗೆ ಬರುವುದಿಲ್ಲ.

ಹಳೇ ಹೋಸ್ಟಿಂಗನ್ನೇ ಮುಚ್ಚಬೇಕು, ಡಿಎನ್‌ಎಸ್ ಕೂಡ ಅವರ ಹತ್ತಿರವೇ ಇದೆ ಅಂತಾದರೆ ನೇಮ್‌ಸರ್ವರ್ ಬದಲಿಸದೆ ವಿಧಿಯಿಲ್ಲ. ಆಗ ಮೊದಲು ಹಳೇ ಡಿಎನ್‌ಎಸ್ ಪುಟದ ಪ್ರತಿ ಸಾಲನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎಂಎಕ್ಸ್ ಒಂದನ್ನೇ ಬರೆದುಕೊಂಡರೆ ಸಾಲದು. ಟಿಎಕ್ಸ್‌ಟಿ ಅಂತ ಇರುವ ಸಾಲುಗಳಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಇರುತ್ತವೆ, ನಿಮ್ಮ ಹೆಸರಲ್ಲಿ ಬಂದ ಮೇಲ್ ನಿಜಕ್ಕೂ ನಿಮ್ಮದೇ ಅಂತ ಎದುರಿನವರಿಗೆ ತೋರಿಸುವ ಸಾಲುಗಳು. ಇವು ತಪ್ಪಿಹೋದರೆ ಮೇಲ್ ಬರುತ್ತಲೇ ಇರುತ್ತದೆ, ಆದರೆ ನೀವು ಕಳಿಸಿದ್ದು ಎದುರಿನವರ ಸ್ಪ್ಯಾಮ್‌ಗೆ ಬೀಳುತ್ತದೆ, ಅದು ನಿಮಗೆ ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ಡಿಕಿಮ್ ರೆಕಾರ್ಡಿನ ಹೆಸರನ್ನು ಹೊರಗಿನಿಂದ ಖಚಿತವಾಗಿ ಊಹಿಸಲು ಆಗುವುದಿಲ್ಲ, ಹಳೇ ಅಕೌಂಟ್ ತೆರೆದಿರುವಾಗಲೇ ನೋಡಿ ತೆಗೆದುಕೊಳ್ಳಬೇಕು. ಎಲ್ಲವನ್ನೂ ಹೊಸ ಡಿಎನ್‌ಎಸ್‌ಗೆ ಮೊದಲು ತುಂಬಿಸಿ, ಸೈಟಿನ ಎ ರೆಕಾರ್ಡಿಗೆ ಮಾತ್ರ ಹೊಸ ಐಪಿ ಕೊಡಿ. ಮೇಲ್ ಕೂಡ ಹೊಸ ಕಡೆಗೇ ಹೋಗುವುದಾದರೆ ಅಲ್ಲಿ ಅದೇ ಹೆಸರಿನ ಮೇಲ್‌ಬಾಕ್ಸ್‌ಗಳನ್ನು ಮೊದಲೇ ಮಾಡಿ, ಎಂಎಕ್ಸ್, ಡಿಕಿಮ್ ಹೊಸ ಹೋಸ್ಟ್ ಕೊಟ್ಟದ್ದೇ ಹಾಕಿ, ಹಳೇ ಮೇಲ್‌ಗಳನ್ನು ಐಮ್ಯಾಪ್ (ಸರ್ವರಿನಲ್ಲಿರುವ ಮೇಲ್ ಓದುವ ವಿಧಾನ) ಮೂಲಕ ನಕಲು ಮಾಡಿಕೊಳ್ಳಿ. ಎನ್‌ಎಸ್‌ಲುಕಪ್‌ನಲ್ಲಿ ಸರ್ವರ್ ಅಂತ ಬರೆದು ಪಕ್ಕದಲ್ಲಿ ಹೊಸ ನೇಮ್‌ಸರ್ವರಿನ ಹೆಸರು ಕೊಟ್ಟರೆ ಅದನ್ನೇ ನೇರವಾಗಿ ಕೇಳಿ ನೋಡಬಹುದು. ಉತ್ತರ ಸರಿ ಇದ್ದರೆ ಮಾತ್ರ ನೇಮ್‌ಸರ್ವರ್ ಬದಲಿಸಿ. ಬದಲಾವಣೆ ಎಲ್ಲ ಕಡೆ ತಲುಪಲು 48 ಗಂಟೆವರೆಗೂ ಹಿಡಿಯಬಹುದು, ಅಷ್ಟು ಹೊತ್ತು ಕೆಲವು ಮೇಲ್ ಹಳೇ ಕಡೆಗೇ ಬರುತ್ತಿರುತ್ತವೆ. ಹಳೇ ಅಕೌಂಟನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ. ಆ ದುಡ್ಡು ದಂಡವಲ್ಲ.

ಟಿಟಿಎಲ್ ಅನ್ನುವ ಕಾಲಂ ನೋಡಿರುತ್ತೀರಿ. ಅದು ಸೆಕೆಂಡಿನ ಲೆಕ್ಕ, 14400 ಅಂತಿದ್ದರೆ ನಾಲ್ಕು ಗಂಟೆ ಹಳೇ ಉತ್ತರವೇ ನೆನಪಿನಲ್ಲಿ ಉಳಿಯುತ್ತದೆ ಅಂತ. ಹಿಂದಿನ ದಿನವೇ ಅದನ್ನು 300 ಮಾಡಿಟ್ಟರೆ, ಎ, ಎಂಎಕ್ಸ್ ರೆಕಾರ್ಡಿನಲ್ಲಿ ಏನಾದರೂ ತಪ್ಪಾದಾಗ ಐದು ನಿಮಿಷದಲ್ಲಿ ವಾಪಸ್ ಬರಬಹುದು. ಶನಿವಾರ ಸಂಜೆ ಮಾತ್ರ ಕೈ ಹಾಕಬೇಡಿ. ಮಳೆಗಾಲದಲ್ಲಂತೂ ಕರೆಂಟು, ನೆಟ್ಟು ಎರಡೂ ಇರುವ ಬೆಳಗ್ಗೆಯೇ ಶುರು ಮಾಡಿ.

ಕೊನೆಯದು, ಜಾಸ್ತಿ ಜನ ಸಿಕ್ಕಿಬೀಳುವ ಜಾಗ. ಕುಮಟಾದ ಒಬ್ಬ ಗೋಡಂಬಿ ವ್ಯಾಪಾರಿಗೆ ಹೊರಗಿನಿಂದ ಮೇಲ್ ಎಲ್ಲ ಸರಿಯಾಗಿ ಬರುತ್ತಿತ್ತು, ಸೈಟಿನ ಫಾರ್ಮ್ ತುಂಬಿಸಿದವರ ವಿಚಾರಣೆ ಮಾತ್ರ ಬರುತ್ತಿರಲಿಲ್ಲ. ಹೊಸ ಸರ್ವರ್ ಆ ಡೊಮೇನಿನ ಮೇಲ್ ತನ್ನದೇ ಅಂದುಕೊಂಡು, ಹೊರಗೆ ಕಳಿಸದೆ ತನ್ನೊಳಗೇ ಹುಡುಕುತ್ತಿತ್ತು. ಹೋಸ್ಟಿಂಗ್ ನಿಭಾಯಿಸುವ ಪುಟವಾದ ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ತೆರೆದು, ಲೋಕಲ್ ಅಂತ ಇರುವುದನ್ನು ರಿಮೋಟ್ ಮೇಲ್ ಎಕ್ಸ್‌ಚೇಂಜರ್ ಮಾಡಿದೆ. ಅವರು ಪಕ್ಕದಲ್ಲೇ ಕೂತು ಫೋನಿನಿಂದ ಫಾರ್ಮ್ ತುಂಬಿಸಿದರು, ಟಣ್ ಅಂತ ಮೇಲ್ ಬಂತು. ಮೇಲ್ ಬೇರೆ ಕಡೆ ಇಟ್ಟುಕೊಂಡವರು ಇದನ್ನು ನೋಡಲೇಬೇಕು. ಫಾರ್ಮಿನ ಮೇಲ್ ಹೊಸ ಸರ್ವರಿನಿಂದ ಹೋಗುವುದರಿಂದ ಅದರ ಐಪಿಯನ್ನು ಇರುವ ಎಸ್‌ಪಿಎಫ್ ಸಾಲಿಗೇ ಸೇರಿಸಿ. ಎರಡನೇ ಎಸ್‌ಪಿಎಫ್ ಸಾಲು ಮಾಡಿದರೆ ಎರಡೂ ಕೆಲಸ ಮಾಡುವುದಿಲ್ಲ.

ಮುಗಿದ ಮೇಲೆ ಜಿಮೇಲ್‌ನಿಂದ ಒಂದು ಮೇಲ್ ಕಳಿಸಿ, ಡೊಮೇನ್ ವಿಳಾಸದಿಂದ ಅದಕ್ಕೆ ಉತ್ತರ ಕೊಡಿ. ಜಿಮೇಲ್‌ನಲ್ಲಿ ಆ ಉತ್ತರವನ್ನು ತೆರೆದು, ಮೂರು ಚುಕ್ಕಿ ಒತ್ತಿ, ಶೋ ಒರಿಜಿನಲ್ ನೋಡಿ. ಎಸ್‌ಪಿಎಫ್, ಡಿಕಿಮ್ ಎರಡರ ಮುಂದೆಯೂ ಪಾಸ್ ಅಂತ ಇರಬೇಕು. ಮಾರನೇ ದಿನ ಬೆಳಗ್ಗೆ ಬೇರೆ ನೆಟ್‌ನಿಂದ ಇದನ್ನೇ ಇನ್ನೊಮ್ಮೆ ಮಾಡಿ, ಟಿಟಿಎಲ್ ಹಳೇ ಅಳತೆಗೆ ತನ್ನಿ.