ರಾತ್ರಿ ಒಂದು ಗಂಟೆಗೆ ಗಂಜಿ

ಬ್ಯಾಂಕಿನ ಕಂಪ್ಯೂಟರ್‌ಗಳಲ್ಲಿ ಏನೇ ಬದಲಾವಣೆ ಮಾಡುವುದಿದ್ದರೂ ರಾತ್ರಿಯೇ ಆಗಬೇಕು. ಹಗಲು ಮುಟ್ಟುವ ಹಾಗಿಲ್ಲ. ಆ ಕೆಲಸ ಮಾಡುವವರಲ್ಲಿ ನಾನೂ ಒಬ್ಬಳು. ಆಫೀಸು ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ, ಮನೆ ಹಡ್ಸನ್ ನದಿಯಾಚೆ ಜರ್ಸಿ ಸಿಟಿಯಲ್ಲಿ. ಕೆಲಸ ಮುಗಿಯುವಾಗ ಹನ್ನೆರಡೂವರೆ. ಪಾತ್ ರೈಲು ರಾತ್ರಿಯಿಡೀ ಓಡುತ್ತದೆ, ಮನೆ ಸೇರುವ ಚಿಂತೆಯಿಲ್ಲ. ಹೊಟ್ಟೆಯದ್ದೇ ಚಿಂತೆ. ಅಷ್ಟು ಹೊತ್ತಿಗೆ ಮನೆಗೆ ಹೋಗಿ ಅನ್ನಕ್ಕಿಡುವ ತಾಳ್ಮೆ ಯಾರಿಗಿರುತ್ತದೆ? ಪಿಜ್ಜಾ ತುಂಡು ತಿಂದು ತಿಂದು ಸಾಕಾಗಿತ್ತು. ಹಾಗಾಗಿ ಇಪ್ಪತ್ತು ನಿಮಿಷ ನಡೆದು ಚೈನಾಟೌನ್‌ಗೆ ಹೋಗಲು ಶುರು ಮಾಡಿದೆ. ಅಲ್ಲಿ ಆ ಹೊತ್ತಿನಲ್ಲೂ ಒಂದೆರಡು ಹೋಟೆಲು ತೆರೆದಿರುತ್ತಿದ್ದವು.

ನಾನು ಸಾಗರದವಳು. ಮಾಂಸ, ಮೀನು ತಿನ್ನುವುದಿಲ್ಲ. ಮೊಟ್ಟೆ ತಿನ್ನುತ್ತೇನೆ. ಅಮ್ಮನಿಗೆ ಗೊತ್ತಿದೆ, ಕೇಳುವುದಿಲ್ಲ. ಇಂಥವಳು ಚೈನೀಸ್ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುವುದನ್ನು ಕಲಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ನನಗೆ ಗೊತ್ತಿದ್ದ ಚೈನೀಸ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯದ್ದು. ಕೆಂಪಗೆ ಹೊಳೆಯುವ ಗೋಬಿ ಮಂಚೂರಿ, ಮೇಲೆ ಹಸಿ ಈರುಳ್ಳಿ, ಚುಚ್ಚಿ ತಿನ್ನಲು ಕಡ್ಡಿ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಎಂದಿತು. ಕೆಂಪೇ ಇಲ್ಲದ್ದು ಎಂಥ ಮಂಚೂರಿ ಅಂತ ನನ್ನ ತಮ್ಮ ಈಗಲೂ ಗೊಣಗುತ್ತಾನೆ. ಚೈನಾಟೌನಿಗೆ ಹೋದ ಮೊದಲ ಸಲ ಅದನ್ನೇ ಕೇಳಿದೆ. ಆರ್ಡರ್ ತೆಗೆದುಕೊಳ್ಳಲು ಬಂದವರು ನನ್ನ ಮುಖ ನೋಡಿದರು, ಮೆನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಮಂಚೂರಿಯಾ ಚೀನಾದ ಈಶಾನ್ಯದಲ್ಲಿದೆ, ನಿಜ. ಮಂಚೂರಿ ಹುಟ್ಟಿದ್ದು ಮಾತ್ರ ಮುಂಬೈಯಲ್ಲಿ. 1975ರ ಸುಮಾರಿಗೆ ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಿದ್ದ ನೆಲ್ಸನ್ ವಾಂಗ್ ಅವರು ಕೋಳಿಗೆ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಮಾಡಿದ್ದು ಅದರ ಮೂಲ ಎನ್ನುತ್ತಾರೆ. ಚೈನಾಟೌನಿನ ಮಾಟ್ ಸ್ಟ್ರೀಟಿನವರಿಗೆ ಅದು ಯಾಕೆ ಗೊತ್ತಿರಬೇಕು?

ಎಡವಟ್ಟಾದದ್ದು ಎರಡನೇ ಸಲ, ಬೇರೆ ಹೋಟೆಲಿನಲ್ಲಿ. ಮೆನುವಿನಲ್ಲಿ ತೋಫು ಅಂತ ಕಂಡಿತು. ತೋಫು ಅಂದರೆ ಸೋಯಾ ಹಾಲನ್ನು ಒಡೆಸಿ ಮಾಡಿದ ಗಟ್ಟಿ. ಅದರಲ್ಲಿ ಏನಿರುತ್ತದೆ ಮಹಾ ಅಂದುಕೊಂಡು ಮಾಪೋ ತೋಫು ಹೇಳಿದೆ. ಬಂತು. ಮೇಲೆ ಕೆಂಪೆಣ್ಣೆ ತೇಲುತ್ತಿತ್ತು, ನಾಲಿಗೆ ಜುಮ್ಮೆನ್ನುವ ಕಾಳು. ನಮ್ಮ ಕರಾವಳಿಯ ಜುಮ್ಮನಕಾಯಿ ನೆನಪಾಯಿತು. ಎರಡೂ ಒಂದೇ ಸಂಸಾರದವು. ನಾಲ್ಕು ಚಮಚ ತಿಂದ ಮೇಲೆ ಹಲ್ಲಿಗೆ ಏನೋ ಪುಡಿಪುಡಿಯಾಗಿ ಸಿಕ್ಕಿತು. ಕೊಚ್ಚಿದ ಹಂದಿ ಮಾಂಸ. ನೀರು ಕುಡಿದೆ, ದುಡ್ಡು ಕೊಟ್ಟೆ, ಎದ್ದು ಬಂದೆ. ರೈಲಿನಲ್ಲಿ ಅಳು ಬಂತು. ಈಗ ನೆನೆದರೆ ನಗು ಬರುತ್ತದೆ, ಆವತ್ತು ಬರಲಿಲ್ಲ.

ಹೋಟೆಲಿನವರ ತಪ್ಪೇನೂ ಇರಲಿಲ್ಲ. ನಾನು ತೋಫು ಕೇಳಿದ್ದೆ, ಅವರು ತೋಫು ಕೊಟ್ಟಿದ್ದರು. ಇದು ಅರ್ಥವಾಗಲು ನನಗೆ ಸಮಯ ಬೇಕಾಯಿತು. ಚೀನೀ ಅಡುಗೆಮನೆಯಲ್ಲಿ ಒಂದು ಹಿಡಿ ಮಾಂಸ ಎಷ್ಟೋ ಸಲ ಪಲ್ಯಕ್ಕೆ ರುಚಿ ಕೊಡುವ ವಸ್ತು ಅಷ್ಟೇ. ನಮ್ಮ ಸಾರಿಗೆ ಇಂಗು ಹೇಗೋ ಹಾಗೆ. ಸಾರಿನಲ್ಲಿ ಇಂಗಿದೆ ಅಂತ ನಾವು ಯಾರಿಗಾದರೂ ಮೊದಲೇ ಹೇಳುತ್ತೇವಾ?

ಸೋಮವಾರ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿಗೆ ಹೇಳಿದೆ. ಅವಳ ಅಜ್ಜ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯಿಂದ ಬಂದು ಇದೇ ಬೀದಿಗಳಲ್ಲಿ ತಟ್ಟೆ ತೊಳೆದವರು. ಬಿದ್ದು ಬಿದ್ದು ನಕ್ಕಳು. ಆಮೇಲೆ ಒಂದು ಚೀಟಿಯಲ್ಲಿ ಮೂರು ಚೀನೀ ಅಕ್ಷರ ಬರೆದುಕೊಟ್ಟು, ಬಾಯಲ್ಲೂ ಹೇಳಿಸಿದಳು. ‘ಙೋ ಸಿಕ್ ಜಾಯ್.’ ನಾನು ಸಸ್ಯಾಹಾರಿ ಅಂತ. ಆ ಕಡೆಯ ಕ್ಯಾಂಟೊನೀಸ್ ಮಾತಿನಲ್ಲಿ ‘ನಾನು’ ಅನ್ನುವುದೇ ‘ಙೋ’. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತ ಙ, ಆಮೇಲೆ ಇಪ್ಪತ್ತೈದು ವರ್ಷ ಒಂದು ಪದದ ಮೊದಲಲ್ಲೂ ಸಿಗದ ಙ, ನ್ಯೂಯಾರ್ಕಿನಲ್ಲಿ ಊಟ ಕೇಳಲು ಬೇಕಾಯಿತು. ಆಫೀಸಿನ ಬೇರೆಯವರು ಆ ಉಚ್ಚಾರಕ್ಕೆ ತಿಣುಕಾಡುತ್ತಿದ್ದರೆ ನನಗೆ ಒಂದೇ ಸಲಕ್ಕೆ ಬಂತು.

ವೆಜಿಟೇರಿಯನ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಜಾಯ್’ ಅಂದರೆ ಹಾಗಲ್ಲ. ಅದು ಬೌದ್ಧರ ವ್ರತದೂಟ. ಎಷ್ಟೋ ಜನ ಚೀನೀ ಪಂಚಾಂಗದ ಒಂದನೇ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆ, ಅದನ್ನೇ ಉಣ್ಣುತ್ತಾರೆ. ಹಾಗಾಗಿ ಆ ಮಾತು ಕಿವಿಗೆ ಬಿದ್ದ ಕೂಡಲೇ ಬಡಿಸುವವರ ಮುಖವೇ ಬದಲಾಗುತ್ತದೆ. ಗಿರಾಕಿಯ ತಕರಾರು ಕೇಳುವ ಮುಖ ಹೋಗಿ, ಮನೆಯಲ್ಲಿ ಅಜ್ಜಿಯ ಉಪವಾಸ ನೋಡಿದವರ ಮುಖ ಬರುತ್ತದೆ. ಒಂದೇ ತೊಂದರೆ. ಕಟ್ಟುನಿಟ್ಟಿನ ಜಾಯ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೊದಲ ಸಲ ಬರೀ ಶುಂಠಿ ಹಾಕಿದ ಸೊಪ್ಪು ಬಂತು, ಏಕಾದಶಿ ಫಲಾರ ಮಾಡಿದ ಹಾಗಾಯಿತು. ಈಗ ಜಾಯ್ ಅಂದ ತಕ್ಷಣ ‘ಬೆಳ್ಳುಳ್ಳಿ ಓಕೆ, ಮೊಟ್ಟೆ ಓಕೆ’ ಅಂತ ಸೇರಿಸುತ್ತೇನೆ.

ಇನ್ನೊಂದು, ಆಯ್‌ಸ್ಟರ್ ಸಾಸ್. ಇದನ್ನು ಬಿಡದೆ ಕೇಳಬೇಕು. ಕಪ್ಪಗೆ, ಸಿಹಿಯಾಗಿ, ಬೆಲ್ಲದ ಪಾಕದ ಹಾಗಿರುತ್ತದೆ. ಸೊಪ್ಪಿನ ಮೇಲೆ ಸುರಿದುಬಿಟ್ಟರೆ ಸೋಯಾ ಸಾಸ್ ಅಂದುಕೊಂಡು ತಿಂದುಬಿಡುತ್ತೇವೆ. ಅದು ಸಿಂಪಿಯ ಸಾರ, ಚಿಪ್ಪಿನ ಜೀವಿಯದ್ದು. 1888ರಲ್ಲಿ ಗ್ವಾಂಗ್‌ಡಾಂಗಿನ ಲೀ ಕಮ್ ಶ್ಯೂಂಗ್ ಸಿಂಪಿ ಬೇಯಿಸಲು ಇಟ್ಟು ಮರೆತಾಗ ಅದು ಹುಟ್ಟಿತು ಅಂತ ಲೀ ಕಮ್ ಕೀ ಕಂಪನಿ ಹೇಳಿಕೊಳ್ಳುತ್ತದೆ. ಅಣಬೆಯಿಂದ ಮಾಡಿದ ಸಸ್ಯಾಹಾರಿ ಸಾಸೂ ಇದೆ, ಎಲ್ಲರೂ ಇಟ್ಟಿರುವುದಿಲ್ಲ. ಇನ್ನೂ ವಿಚಿತ್ರವೆಂದರೆ ಹೊಸ ವರ್ಷಕ್ಕೆ ಮಾಡುವ ಲೋ ಹಾನ್ ಜಾಯ್ ಎಂಬ ತರಕಾರಿ ಪಲ್ಯಕ್ಕೇ ಕೆಲವರು ಒಣ ಸಿಂಪಿ ಹಾಕುತ್ತಾರೆ. ವ್ರತಕ್ಕೆ ನಡೆಯುತ್ತದಂತೆ! ನಮ್ಮಲ್ಲೂ ಒಂದೊಂದು ಮನೆಯಲ್ಲಿ ಒಂದೊಂದು ವಿನಾಯ್ತಿ ಇರುವುದಿಲ್ಲವಾ, ಹಾಗೆ.

ನಾನು ಸದಾ ಹೇಳುವುದು ದೌ ಮ್ಯೂ. ಬಟಾಣಿ ಬಳ್ಳಿಯ ಕುಡಿ. ನಮ್ಮೂರಲ್ಲಿ ಕುಂಬಳದ ಕುಡಿ, ಕೆಸುವಿನ ಕುಡಿ ಎಲ್ಲ ತಿನ್ನುತ್ತೇವೆ, ಬಟಾಣಿಯದ್ದು ಗೊತ್ತಿರಲಿಲ್ಲ. ನಾನು ಕೂರುವ ಮೂಲೆಯಿಂದ ಅಡುಗೆಮನೆಯ ಕಿಂಡಿ ಕಾಣುತ್ತದೆ. ಒಲೆ ಹಚ್ಚಿದರೆ ಸಣ್ಣ ವಿಮಾನ ಹೊರಟ ಸದ್ದು. ಅಡುಗೆಯವರು ಮೊಣಕಾಲಿನಿಂದ ಒಂದು ಸನ್ನೆ ತಳ್ಳಿ ಉರಿ ಏರಿಸುತ್ತಾರೆ, ಕೈಗೆ ಬಿಡುವೇ ಇಲ್ಲವಲ್ಲ. ಬಾಣಲೆಗೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಅದರ ಮೇಲೆ ಒಂದು ಬುಟ್ಟಿ ಸೊಪ್ಪು. ಬೆಟ್ಟದಂತೆ ನಿಂತ ಸೊಪ್ಪು ಎರಡು ಸಲ ಮಗುಚುವಷ್ಟರಲ್ಲಿ ಕುಸಿದು ಬೊಗಸೆಯಷ್ಟಾಗುತ್ತದೆ. ಉಪ್ಪು, ಅಂಚಿನಲ್ಲಿ ಒಂದು ಚೂರು ನೀರು. ಭುಸ್ಸೆಂದು ಹಬೆ ಏಳುತ್ತದೆ, ತಟ್ಟೆಗೆ ಬೀಳುತ್ತದೆ. ಒಂದು ನಿಮಿಷವೂ ಆಗಿರುವುದಿಲ್ಲ. ಹಸಿರು ಹಾಗೇ ಇರುತ್ತದೆ, ಜೊತೆಗೆ ತೆಳ್ಳಗೆ ಹೊಗೆಯ ವಾಸನೆ. ಅದಕ್ಕೆ ವಾಕ್ ಹೇ ಅನ್ನುತ್ತಾರೆ, ಬಾಣಲೆಯ ಉಸಿರು ಅಂತ. ಮನೆಯ ಕರೆಂಟ್ ಒಲೆಯಲ್ಲಿ ಪ್ರಯತ್ನ ಮಾಡಿದೆ. ಸೊಪ್ಪು ನೀರು ಬಿಟ್ಟುಕೊಂಡು ಬೆಂದಿತು, ಹೊಗೆಯ ಗಂಟೆ ಮಾತ್ರ ಕಿರುಚಿತು.

ಹೊಟ್ಟೆ ಜಾಸ್ತಿ ಹಸಿದಿದ್ದರೆ ಟೊಮೇಟೊ ಮೊಟ್ಟೆ, ಅನ್ನ. ಸಿಹಿ ಮುಂದಾಗಿರುತ್ತದೆ, ಅಷ್ಟೇನಿಲ್ಲ.

ಆದರೆ ಚಳಿಗಾಲದಲ್ಲಿ ನನ್ನನ್ನು ಉಳಿಸಿದ್ದು ಗಂಜಿ. ಮೆನುವಿನ ಇಂಗ್ಲಿಷ್ ಕಡೆ ಅದನ್ನು ಕಾಂಜೀ ಅಂತ ಬರೆದಿರುತ್ತಾರೆ. ಅದು ನಮ್ಮದೇ ಪದ. ದಕ್ಷಿಣದ ಗಂಜಿ, ಕಂಜಿ, ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋಯಿತು. ಚೀನೀಯರು ಅದನ್ನು ಜುಕ್ ಅನ್ನುತ್ತಾರೆ. ನಮ್ಮದರಲ್ಲಿ ಅಗುಳು ಬೇರೆ, ತಿಳಿ ಬೇರೆ. ಅವರದ್ದು ಗಂಟೆಗಟ್ಟಲೆ ಕುದಿದು ಅಗುಳೇ ಕಾಣದಷ್ಟು ಕರಗಿರುತ್ತದೆ, ಮುದ್ದೆಗೂ ಪಾಯಸಕ್ಕೂ ನಡುವೆ. ಬಿಳಿ ಜುಕ್ ಅಂತ ಕೇಳಬೇಕು, ಬರೀ ನೀರಿನದ್ದಾ ಅಂತಲೂ ಕೇಳಬೇಕು. ಕೆಲವು ಕಡೆ ಎಲುಬಿನ ಕಟ್ಟಿನಲ್ಲಿ ಬೇಯಿಸುತ್ತಾರೆ. ಜೊತೆಗೆ ಯೌ ಜಾ ಗ್ವಾಯ್ ಅಂತ ಉದ್ದನೆಯ ಕರಿದ ಮೈದಾ ಕೋಲು, ಎರಡು ಅಂಟಿಕೊಂಡಿರುತ್ತವೆ. ಹೆಸರಿನ ಅರ್ಥ ಎಣ್ಣೆಯಲ್ಲಿ ಕರಿದ ದೆವ್ವ. ಯುವೇ ಫೇ ಎಂಬ ಸೇನಾಪತಿಯನ್ನು ಮೋಸದಿಂದ ಕೊಲ್ಲಿಸಿದ ಮಂತ್ರಿ ಚಿನ್ ಹುಯಿ ಮತ್ತು ಅವನ ಹೆಂಡತಿಯನ್ನು ಜನ ಹಿಟ್ಟಿನಲ್ಲಿ ಮಾಡಿ ಎಣ್ಣೆಗೆ ಹಾಕಿದರು ಅಂತ ಕಥೆ. ಎಂಟುನೂರು ವರ್ಷದ ಮೇಲಾಯಿತು, ಸಿಟ್ಟು ಇಳಿದಿಲ್ಲ.

ಅಮ್ಮ ಫೋನ್ ಮಾಡುವುದೂ ಆ ಹೊತ್ತಿಗೇ. ಇಲ್ಲಿ ಒಂದು ಗಂಟೆ, ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ.

‘ಊಟ ಆಯ್ತೇನೇ?’

‘ಗಂಜಿ ಕುಡೀತಾ ಇದ್ದೀನಿ ಅಮ್ಮ.’

‘ಅಯ್ಯೋ, ಜ್ವರ ಬಂತಾ?’

ಆಮೇಲೆ ಪ್ರತಿ ಸಲವೂ ಅದೇ ತಮಾಷೆ. ಅಷ್ಟು ದೂರ ಹೋಗಿ, ಡಾಲರ್ ಕೊಟ್ಟು ಗಂಜಿ ಕುಡೀತಾಳೆ ನೋಡು ಅಂತ ಪಕ್ಕದಲ್ಲಿದ್ದ ಅತ್ತೆಗೆ ಹೇಳುವುದು ಕೇಳಿಸುತ್ತದೆ.

ಇಂಥ ಹೋಟೆಲುಗಳು ಆ ಹೊತ್ತಿಗೆ ಯಾಕೆ ತೆರೆದಿರುತ್ತವೆ ಅನ್ನುವುದು ಅಲ್ಲಿ ಕೂತರೆ ತಾನೇ ಗೊತ್ತಾಗುತ್ತದೆ. ಬೇರೆ ಹೋಟೆಲುಗಳ ಅಡುಗೆಯವರು ಪಾಳಿ ಮುಗಿಸಿ ಬರುತ್ತಾರೆ. ಕ್ಯಾಬ್ ಓಡಿಸುವವರು, ನರ್ಸುಗಳು, ಕುಡಿದು ಬಂದ ಕಾಲೇಜು ಹುಡುಗರು. ರಾತ್ರಿಯ ಈ ತಿಂಡಿಗೆ ಕ್ಯಾಂಟೊನೀಸ್‌ನಲ್ಲಿ ಸ್ಯೂ ಯೆ ಅಂತ ಹೆಸರೇ ಇದೆ. ಮಾಟ್ ಸ್ಟ್ರೀಟ್ 17ರ ನೆಲಮಾಳಿಗೆಯಲ್ಲಿರುವ ವೋ ಹಾಪ್ 1938ರದ್ದು. ಅದರ ಗೋಡೆ ತುಂಬ ಗಿರಾಕಿಗಳು ಅಂಟಿಸಿದ ಡಾಲರ್ ನೋಟು, ಫೋಟೋ. ಅದಕ್ಕೂ ಹಿಂದಿನ ಕಥೆಯನ್ನು ಗೆಳತಿ ಹೇಳಿದಳು. 1882ರ ಕಾಯ್ದೆ ಚೀನೀ ಕೂಲಿಗಳು ಅಮೆರಿಕಕ್ಕೆ ಬರುವುದನ್ನೇ ತಡೆದಿತ್ತು. ವ್ಯಾಪಾರಿಗಳಂಥ ಕೆಲವರಿಗೆ ಮಾತ್ರ ವಿನಾಯ್ತಿ. 1915ರಲ್ಲಿ ಒಂದು ಕೋರ್ಟು ಹೋಟೆಲು ನಡೆಸುವವರನ್ನೂ ವ್ಯಾಪಾರಿಗಳು ಅಂತ ಒಪ್ಪಿತು. ಹೋಟೆಲುಗಳು ಅಣಬೆಯ ಹಾಗೆ ಎದ್ದವು. 1943ರವರೆಗೂ ಆ ಕಾಯ್ದೆ ಇತ್ತು. ವೀಸಾಕ್ಕೆ ತಕ್ಕ ಹಾಗೆ ಬದುಕು ಬದಲಿಸಿಕೊಳ್ಳುವುದು ನನಗೂ ಹೊಸದಲ್ಲ. ಕೇಳಿ ಸುಮ್ನಾದೆ.

ಕೂತ ಕೂಡಲೇ ಕೇಳದೆಯೇ ಚಹಾ ಬರುತ್ತದೆ, ಹಾಲಿಲ್ಲ, ಸಕ್ಕರೆಯಿಲ್ಲ. ಯಾರಾದರೂ ಲೋಟಕ್ಕೆ ಹಾಕಿಕೊಟ್ಟರೆ ಎರಡು ಬೆರಳಲ್ಲಿ ಮೇಜು ತಟ್ಟಬೇಕು, ಅದೇ ಥ್ಯಾಂಕ್ಸ್. ಕೆಟಲ್ ಖಾಲಿಯಾದರೆ ಮುಚ್ಚಳ ಓರೆಯಾಗಿ ಇಟ್ಟರೆ ಸಾಕು, ಕೂಗುವುದು ಬೇಡ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ಇಡಬಾರದು, ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ಬಿಲ್ಲು ಬೇಕೆಂದರೆ ‘ಮಾಯ್ ದಾನ್’. ಕೇಳಲು ದಾನ, ಕೊಡಬೇಕಾದದ್ದು ನಗದು. ಎಷ್ಟೋ ಕಡೆ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಟಿಪ್ಸ್ ಲೆಕ್ಕಕ್ಕೆ ಇಲ್ಲಿಯವರದ್ದೇ ಒಂದು ಉಪಾಯವಿದೆ. ನ್ಯೂಯಾರ್ಕ್ ಊರಿನ ತೆರಿಗೆ 8.875 ಪರ್ಸೆಂಟ್. ಅದನ್ನು ಎರಡು ಪಟ್ಟು ಮಾಡಿ, ಮೇಲೆ ಸ್ವಲ್ಪ ಚಿಲ್ಲರೆ ಸೇರಿಸಿದರೆ ಆಯಿತು. ಹೋಗುವ ಮೊದಲು ಒಮ್ಮೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಕೋವಿಡ್ ಆದ ಮೇಲೆ ಹಲವರು ಬೇಗ ಬಾಗಿಲು ಹಾಕುತ್ತಾರೆ.

ಕಳೆದ ಜನವರಿಯಲ್ಲಿ ಒಂದು ರಾತ್ರಿ ಹೊರಗೆ ಹಿಮ, ಒಳಗೆ ನಾನು ಮತ್ತೆ ಇನ್ನಿಬ್ಬರು. ಬಡಿಸುವ ಹಿರಿಯರು ಪಕ್ಕದ ದುಂಡು ಮೇಜಿನಲ್ಲಿ ಕೂತು ಅವರೆಕಾಯಿ ನಾರು ತೆಗೆದ ಹಾಗೆ ಬಟಾಣಿಕಾಯಿಯ ನಾರು ತೆಗೆಯುತ್ತಿದ್ದರು. ನಾನು ಚೀಲದಿಂದ ಮಿಡಿ ಉಪ್ಪಿನಕಾಯಿಯ ಪುಟ್ಟ ಬಾಟಲಿ ತೆಗೆದು ಗಂಜಿಯ ಪಕ್ಕ ಇಟ್ಟೆ. ಹೊರಗಿನದ್ದು ತಂದು ತಿನ್ನಬಾರದು, ಗೊತ್ತು. ಆದರೆ ಗಂಜಿಗೆ ಮಿಡಿ ಇಲ್ಲದೆ ಎಷ್ಟು ದಿನ ಅಂತ ಇರುವುದು? ಅವರು ನೋಡಿದರು. ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಬಾಟಲಿ ಎತ್ತಿ ಮೂಸಿದರು, ಕಡ್ಡಿಯಲ್ಲಿ ಒಂದು ಮಿಡಿ ತೆಗೆದು ಅರ್ಧ ಕಚ್ಚಿದರು. ಕಣ್ಣು ಒಮ್ಮೆ ಮುಚ್ಚಿ ತೆರೆದರು. ಏನೂ ಹೇಳದೆ ಒಳಗೆ ಹೋದರು.

ಬರುವಾಗ ಕೈಯಲ್ಲಿ ಚಟ್ನಿ ಬಟ್ಟಲಿನಷ್ಟು ಚಿಕ್ಕ ತಟ್ಟೆ. ಅದರಲ್ಲಿ ಎರಡು ಕೆನೆಬಣ್ಣದ ತುಂಡು, ಮೇಲೆ ಮೆಣಸಿನ ಚೂರು. ಫು ಯೂ. ತೋಫುವನ್ನೇ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ್ದು. ‘ಜಾಯ್, ಜಾಯ್’ ಅಂದು ಗಂಜಿಯ ಕಡೆ ಬೆರಳು ತೋರಿಸಿದರು. ಅದಕ್ಕೆ ಅಕ್ಕಿಯ ಹೆಂಡ ಬೀಳುತ್ತದೆ ಅಂತ ಗೆಳತಿ ಆಮೇಲೆ ಹೇಳಿದಳು, ಅದು ಅಮ್ಮನಿಗೆ ಗೊತ್ತಾಗುವುದು ಬೇಡ. ಕಡ್ಡಿಯ ತುದಿಯಲ್ಲಿ ಚೂರು ತೆಗೆದು ನಾಲಿಗೆಗೆ ಇಟ್ಟೆ. ಉಪ್ಪು, ಹಳೇ ಬೆಣ್ಣೆ, ಒದ್ದೆ ಉಗ್ರಾಣ, ಎಲ್ಲ ಒಟ್ಟಿಗೆ ಬಂತು. ಆ ರಾತ್ರಿ ನನಗೆ ಹಿಡಿಸಲಿಲ್ಲ. ಮುಂದಿನ ಶುಕ್ರವಾರ ನಾನೇ ಕೇಳಿದೆ.

ಮಿಡಿ ಅವರಿಗೆ ಹಿಡಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಬಾಟಲಿಯ ಮುಚ್ಚಳವನ್ನು ಬಲು ಬಿಗಿಯಾಗಿ ತಿರುಗಿಸಿ ನನ್ನ ಕಡೆ ಸರಿಸಿದರು.