ವಿಂಡೋಸ್ 11ರಲ್ಲಿ ಯಾವ ಪ್ರೋಗ್ರಾಮಿಗೆ ಮೊದಲ ಸರದಿ?

ಕಂಪ್ಯೂಟರ್ ತೆವಳತೊಡಗಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು (ಲೆಕ್ಕ ಮಾಡುವ ಮುಖ್ಯ ಚಿಪ್) ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುತ್ತಿರುವುದು ಮೇಲೆ ಬರುತ್ತದೆ. ಡಿಸ್ಕ್ ಕಾಲಂ 100% ತೋರಿಸುತ್ತಿದ್ದರೆ ಪ್ರಯಾರಿಟಿ, ಅಂದರೆ ಯಾವ ಪ್ರೋಗ್ರಾಮಿಗೆ ಮೊದಲ ಸರದಿ ಎಂಬುದನ್ನು, ಬದಲಿಸಿ ಲಾಭವಿಲ್ಲ. ಅದು ಮುಖ್ಯವಾಗಿ ಸಿಪಿಯು ಸರದಿಯ ವಿಷಯ.

ವಿಡಿಯೋ ಕನ್ವರ್ಟ್ ಆಗುವಾಗ ಬ್ರೌಸರ್ ತಡವರಿಸುತ್ತಿದೆ ಅನ್ನಿ. ಎಡಗಡೆಯ ‘ಡೀಟೇಲ್ಸ್’ಗೆ ಹೋಗಿ, ಕನ್ವರ್ಟರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೆಟ್ ಪ್ರಯಾರಿಟಿ’ಯಲ್ಲಿ ‘ಬಿಲೋ ನಾರ್ಮಲ್’ ಆರಿಸಿ. ಬ್ರೌಸರನ್ನು ಏರಿಸುವುದಕ್ಕಿಂತ ಕನ್ವರ್ಟರನ್ನು ಇಳಿಸುವುದೇ ಜಾಣತನ: ಸಿಪಿಯು ಬಿಡುವಾಗಿದ್ದಾಗ ಅದು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ಓಡುತ್ತದೆ, ಬೇರೆಯವರು ಕೇಳಿದಾಗ ದಾರಿ ಬಿಡುತ್ತದೆ. ‘ಡೀಟೇಲ್ಸ್’ ಪಟ್ಟಿಯಲ್ಲಿ ‘ಸಿಸ್ಟಮ್ ಐಡಲ್ ಪ್ರೋಸೆಸ್’ 95 ತೋರಿಸಿದರೆ ಗಾಬರಿ ಬೇಡ, ಸಿಪಿಯುವಿನ ಶೇ. 95 ಭಾಗ ಸುಮ್ಮನೆ ಕೂತಿದೆ ಅಂತಷ್ಟೇ.

ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿಯಾದ ‘ರಿಯಲ್‌ಟೈಮ್’ಗೆ ಮಾತ್ರ ಕೈ ಹಾಕಬೇಡಿ. ಭಾರದ ಪ್ರೋಗ್ರಾಮಿಗೆ ಅದನ್ನು ಕೊಟ್ಟರೆ ಮೌಸ್, ಕೀಬೋರ್ಡಿಗೂ ಸರದಿ ಸಿಗದೆ ಪವರ್ ಬಟನ್ನೇ ಗತಿಯಾದೀತು.

ಪ್ರೋಗ್ರಾಂ ಮುಚ್ಚಿ ತೆರೆದರೆ ಸಾಮಾನ್ಯವಾಗಿ ಮತ್ತೆ ‘ನಾರ್ಮಲ್’. ಪ್ರತಿ ಸಲ ಬದಲಿಸಬೇಕು. ಪ್ರೋಗ್ರಾಮನ್ನು ಬಲವಂತವಾಗಿ ಮುಚ್ಚುವ ‘ಎಂಡ್ ಟಾಸ್ಕ್’ ಒತ್ತಿದರೆ ಸೇವ್ ಮಾಡದ ಕೆಲಸ ಹೋದಂತೆಯೇ. ಪ್ರೋಗ್ರಾಮಿನ ಮುಂದೆ ‘ನಾಟ್ ರೆಸ್ಪಾಂಡಿಂಗ್’ (ಸ್ಪಂದಿಸುತ್ತಿಲ್ಲ) ಎಂದಿದ್ದರೂ ಒಂದೆರಡು ನಿಮಿಷ ಕಾಯಿರಿ.